ಶಿಜುಕಾಳ ನಗು: ಕತ್ತಲೆಯ ಮಂಗಾ ಓದುವಾಗ ನಮಗೆ ಆಗುವುದೇನು?

ಶಿಜುಕಾ ಒಂದು ಮಂಗಾದ, ಅಂದರೆ ಜಪಾನೀ ಚಿತ್ರಕಥೆಯ, ನಾಲ್ಕನೆಯ ತರಗತಿಯ ಹುಡುಗಿ. ಅವಳ ಶಾಲಾಚೀಲದ ಮೇಲೆ ಸಹಪಾಠಿಗಳು ಬೈಗುಳ ಗೀಚಿದ್ದಾರೆ. ಮನೆಯಲ್ಲಿ ಅಪ್ಪನಿಲ್ಲ, ಅಮ್ಮ ಇದ್ದೂ ಇಲ್ಲದಂತೆ. ಇರುವ ಒಂದೇ ಆಸರೆ ಚಪ್ಪಿ ಎಂಬ ನಾಯಿ. ದೂರದ ‘ಹ್ಯಾಪಿ’ ಗ್ರಹದಿಂದ ಬಂದ ತಕೊಪಿ ಎಂಬ ಆಕ್ಟೋಪಸ್ಸಿನಂಥ ಪುಟ್ಟ ಗುಲಾಬಿ ಜೀವಿ ಇವಳನ್ನು ಒಂದು ಸಲವಾದರೂ ನಗಿಸಬೇಕೆಂದು ಹೆಣಗುತ್ತದೆ. ಹಾರುವ ರೆಕ್ಕೆ ಕೊಡುತ್ತೇನೆ ಎನ್ನುತ್ತದೆ, ತನ್ನ ಚೀಲದಿಂದ ಏನೇನೋ ಮಾಯಾ ಸಾಧನಗಳನ್ನು ತೆಗೆದು ತೋರಿಸುತ್ತದೆ. ಹುಡುಗಿಯ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

ಒಂದು ದಿನ ಅವಳು ನಗುತ್ತಾಳೆ. ಕಣ್ಣು ಅರಳಿಸಿ, ಮುಖವೆಲ್ಲ ಬೆಳಗುವಂತೆ ನಗುತ್ತಾಳೆ. ಅವಳನ್ನು ಹಿಂಸಿಸುತ್ತಿದ್ದ ಮರಿನಾ ಎಂಬ ಹುಡುಗಿ ಆಗ ನೆಲದ ಮೇಲೆ ಸತ್ತು ಬಿದ್ದಿದ್ದಾಳೆ. ಮರಿನಾಳನ್ನು ತಡೆಯಲು ಹೋದ ತಕೊಪಿಯೇ, ಏನಾಗುತ್ತಿದೆ ಎಂದು ತಿಳಿಯದೆ, ತನ್ನ ಕ್ಯಾಮೆರಾದಿಂದ ಅವಳಿಗೆ ಹೊಡೆದುಬಿಟ್ಟಿದೆ.

ಮೊದಲ ಸಲ ಈ ಪುಟ ನೋಡಿದಾಗ ನನ್ನೊಳಗೆ ನಡೆದದ್ದನ್ನು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಕ್ಷಣಾರ್ಧ ಹಾಯೆನಿಸಿತು. ಆ ಮಗುವಿನ ಪೀಡೆ ತೊಲಗಿತಲ್ಲ ಎನಿಸಿತು. ಮರುಕ್ಷಣ, ಹತ್ತು ವರ್ಷದ ಇನ್ನೊಂದು ಮಗುವಿನ ಹೆಣದ ಮುಂದೆ ಹಾಯೆನ್ನುತ್ತಿರುವ ನಾನು ಯಾರು ಎಂದು ಮೈ ಜುಮ್ಮೆಂದಿತು. ಶಿಜುಕಾ ನಗಬೇಕು, ಅವಳ ಹಿಂಸೆ ನಿಲ್ಲಬೇಕು ಎಂದು ಕಥೆಯ ಆರಂಭದಿಂದ ನಾನೇ ಬಯಸಿದ್ದೆ. ಕಥೆ ಎರಡನ್ನೂ ಒಂದೇ ಪುಟದಲ್ಲಿ ಕೊಟ್ಟಿತು.

ತಾಯ್ಜಾನ್ 5 ಎಂಬ ಹೆಸರಿನಲ್ಲಿ ಬರೆಯುವ ಲೇಖಕರ ಈ ಕಥೆಯ ಹೆಸರು ‘ತಕೊಪಿಯ ಮೂಲಪಾಪ’. ಜಪಾನಿನ ‘ಶೋನೆನ್ ಜಂಪ್ ಪ್ಲಸ್’ ಎಂಬ ಡಿಜಿಟಲ್ ಪತ್ರಿಕೆಯಲ್ಲಿ 2021ರ ಡಿಸೆಂಬರ್ 10ರಿಂದ 2022ರ ಮಾರ್ಚ್ 25ರವರೆಗೆ ಶುಕ್ರವಾರಗಳಂದು ಕಂತುಕಂತಾಗಿ ಬಂತು. ಒಟ್ಟು 16 ಕಂತು, ಪುಸ್ತಕವಾದಾಗ ಎರಡೇ ಸಂಪುಟ. ಇಷ್ಟು ಚಿಕ್ಕ ಕಥೆ ಜಪಾನಿನಲ್ಲಿ ಎಬ್ಬಿಸಿದ ಅಲೆ ದೊಡ್ಡದು. 2025ರಲ್ಲಿ ಅದು ಆರು ಕಂತುಗಳ ಅನಿಮೇಷನ್ ಆಗಿ ಬಂದ ಮೇಲೆ ನಮ್ಮ ಊರುಗಳ ಹುಡುಗ ಹುಡುಗಿಯರೂ ಅದರ ಬಗ್ಗೆ ಮಾತನಾಡತೊಡಗಿದರು. ಅವರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಒಂದೇ: ಓದಿ ಅಳುವುದಾದರೆ, ರಾತ್ರಿ ನಿದ್ದೆ ಕೆಡುವುದಾದರೆ, ಇಂಥದ್ದನ್ನು ಯಾಕೆ ಓದಬೇಕು? ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದವಿದೆ. ಕಥೆಗಳ ತಿರುವುಗಳನ್ನು ಬಿಚ್ಚಿಡದೆ ಅದನ್ನು ಹೇಳಲಾಗದು. ಓದುವ ಮುನ್ನ ಏನೂ ತಿಳಿಯಬಾರದು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಜಪಾನಿನ ಓದುಗರು ಇಂಥ ಕಥೆಗಳನ್ನು ‘ಉತ್ಸು ಮಂಗಾ’ ಎನ್ನುತ್ತಾರೆ. ಉತ್ಸು ಎಂದರೆ ಖಿನ್ನತೆ, ಮನಸ್ಸಿಗೆ ಕವಿಯುವ ಮಂಕು. ಅದನ್ನು ಬರೆಯುವ ಚಿತ್ರಾಕ್ಷರಕ್ಕೆ 29 ಗೆರೆಗಳು ಬೇಕು. ದಿನಬಳಕೆಯ ಅಕ್ಷರಗಳಲ್ಲಿ ಅಷ್ಟು ದಟ್ಟವಾದುದು ಇನ್ನೊಂದಿಲ್ಲ, ನೋಡಿದರೇ ಭಾರ ಕಾಣುತ್ತದೆ. ನನಗೆ ಇದಕ್ಕಿಂತ ಉಪಯುಕ್ತವೆನಿಸಿದ್ದು ಅವರು ಬಳಸುವ ಇನ್ನು ಮೂರು ಮಾತುಗಳು. ಒಂದು, ‘ಮುನಕುಸೊ’: ಅನ್ಯಾಯ ಕಂಡು ಎದೆಯಲ್ಲಿ ಏಳುವ ಹೇಸಿಗೆ, ನಾವು ಹೊಟ್ಟೆ ತೊಳಸುತ್ತದೆ ಎನ್ನುವಂಥದ್ದು. ಎರಡು, ‘ಅತೊಅಜಿ ಕೆಟ್ಟದ್ದು’: ಉಂಡ ಮೇಲೆ ನಾಲಗೆಯಲ್ಲಿ ಉಳಿಯುವ ರುಚಿ ಕಹಿ. ಮೂರು, ‘ಸುಕುಯಿ ಇಲ್ಲ’: ಸುಕುಯಿ ಎಂದರೆ ಕೈಹಿಡಿದು ಎತ್ತುವ ಪಾರುಗಾಣಿಕೆ, ಮುಳುಗುವವನಿಗೆ ಸಿಗುವ ಹಗ್ಗ. ಅದಿಲ್ಲದ ಕಥೆ ಅದು.

ಇವು ಮೂರೂ ಬೇರೆ ಬೇರೆ ಅನುಭವ. ಕಣ್ಣೀರು ಬಂತು ಎನ್ನುವ ಒಂದೇ ಮಾತಿನಲ್ಲಿ ನಾವು ಇವನ್ನೆಲ್ಲ ತುಂಬಿಬಿಡುತ್ತೇವೆ. ಅತ್ತೂ ಹಗುರಾಗುವುದಿದೆ, ಕಣ್ಣು ಒಣಗಿದ್ದೂ ವಾರಗಟ್ಟಲೆ ಎದೆ ಕಲ್ಲಾಗುವುದಿದೆ. ಅತಿ ಹೆಚ್ಚು ಅಳಿಸುವ ಹತ್ತು ಮಂಗಾ ಎಂಬ ಪಟ್ಟಿಗಳನ್ನು ಕಂಡಾಗ ನನಗೆ ಬೇಸರವಾಗುವುದು ಇದೇ ಕಾರಣಕ್ಕೆ. ಕಣ್ಣೀರನ್ನು ಅಳೆದು ಆ ಕಥೆಗಳನ್ನು ತಿಳಿಯಲಾಗದು. ಓದುಗನನ್ನು ಯಾರ ಪಕ್ಕದಲ್ಲಿ ನಿಲ್ಲಿಸಿದರು, ಎಷ್ಟು ಹೊತ್ತು ನಿಲ್ಲಿಸಿದರು, ಹೊರಡಲು ಬಾಗಿಲು ಇಟ್ಟರೋ ಇಲ್ಲವೋ ಎಂಬುದನ್ನು ನೋಡಬೇಕು.

ನಿಲ್ಲಿಸುವ ಉಪಾಯಗಳಲ್ಲಿ ಮೊದಲನೆಯದು ಪುಟ. ಮಂಗಾ ಬಲದಿಂದ ಎಡಕ್ಕೆ ಸಾಗುತ್ತದೆ. ಕನ್ನಡ ಓದಿ ಬೆಳೆದ ಕಣ್ಣಿಗೆ ಮೊದಲ ಕೆಲವು ಪುಟ ತಡವರಿಸುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಎಡಪುಟದ ಕೊನೆಯ ಚೌಕದಲ್ಲಿ ಯಾರೋ ಬಾಗಿಲು ತೆರೆಯುತ್ತಾರೆ, ಅಥವಾ ಯಾರದೋ ಕಣ್ಣು ದೊಡ್ಡದಾಗುತ್ತದೆ. ಅವರು ಕಂಡದ್ದು ಹಾಳೆ ಮಗುಚಿದ ಮೇಲೆ. ಜಪಾನಿನ ಚಿತ್ರಕಾರರು ಈ ಮಗುಚುವಿಕೆಗೆ ‘ಮೆಕುರಿ’ ಎನ್ನುತ್ತಾರೆ, ಅದಕ್ಕಾಗಿಯೇ ಪುಟಗಳನ್ನು ಹಂಚುತ್ತಾರೆ. ಸಿನಿಮಾದಲ್ಲಿ ದೃಶ್ಯ ತಾನಾಗಿ ಬಂದು ಎರಗುತ್ತದೆ. ಇಲ್ಲಿ ಹಾಳೆ ತಿರುವುವ ಬೆರಳು ನಮ್ಮದೇ. ಬೇಡವೆಂದರೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಈ ಸಣ್ಣ ಪಾಲುದಾರಿಕೆ ಓದುಗನ ಪಾಪಪ್ರಜ್ಞೆಯ ಬೀಜ.

ಎರಡನೆಯದು ಗೆರೆ. ಇನಿಯೊ ಅಸಾನೊ 2007ರಿಂದ 2013ರವರೆಗೆ ಬರೆದ ‘ಒಯಸುಮಿ ಪುನ್‌ಪುನ್’ 13 ಸಂಪುಟಗಳ ಕಥೆ. ಪುನ್‌ಪುನ್ ಎಂಬ ಹುಡುಗ ಶಾಲೆಯಿಂದ ಯೌವನದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕುಸಿಯುವುದೇ ಅದರ ವಸ್ತು. ಊರು, ರಸ್ತೆ, ಅಡುಗೆಮನೆ, ವಿದ್ಯುತ್ ತಂತಿ ಎಲ್ಲವೂ ಫೋಟೋದಷ್ಟು ನಿಖರವಾಗಿವೆ. ಸುತ್ತಲಿನ ಜನರಿಗೆ ಬೆವರಿದೆ, ಹಲ್ಲಿದೆ, ಸುಕ್ಕಿದೆ. ಇವರೆಲ್ಲರ ನಡುವೆ ಪುನ್‌ಪುನ್ ಮಾತ್ರ ಮಗುವೊಂದು ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚಿದ ಹಕ್ಕಿ: ಒಂದು ಕೊಕ್ಕು, ಎರಡು ಚುಕ್ಕೆ ಕಣ್ಣು, ಕಡ್ಡಿ ಕಾಲು. ಅವನಿಗೆ ಮಾತಿನ ಗುಳ್ಳೆಯೂ ಇಲ್ಲ. ಅವನು ಹೇಳಿದ್ದನ್ನು ನಿರೂಪಣೆಯ ಸಾಲಿನಲ್ಲಿ ತಿಳಿಯಬೇಕು. ಬದುಕು ಹದಗೆಟ್ಟಂತೆ ಆ ಹಕ್ಕಿಯ ಆಕಾರ ಬದಲಾಗುತ್ತದೆ. ಒಂದು ಘಟ್ಟದಲ್ಲಿ ಅವನು ಬರೀ ತ್ರಿಕೋನದ ಗೋಪುರವಾಗಿ ನಡೆದಾಡುತ್ತಾನೆ.

ಹಕ್ಕಿ ಯಾಕೆ? ಮುಖ ಸರಳವಾದಷ್ಟೂ ಅದರೊಳಗೆ ನುಗ್ಗುವುದು ಸುಲಭ ಎಂದು ಅಮೆರಿಕದ ಚಿತ್ರಕಾರ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ವಿವರಿಸಿದ್ದಾರೆ. ಫೋಟೋದಂಥ ಮುಖ ಇನ್ಯಾರದೋ ಮುಖ. ಎರಡು ಚುಕ್ಕೆ ಒಂದು ಗೆರೆಯ ಮುಖ ಯಾರದ್ದೂ ಆಗಬಹುದು, ನನ್ನದೂ ಆಗಬಹುದು. ನಮ್ಮ ಕಾವ್ಯಮೀಮಾಂಸೆಯಲ್ಲಿ ಇದನ್ನು ಹೋಲುವ ಮಾತೊಂದಿದೆ, ಭಟ್ಟನಾಯಕ ಹೇಳಿದ ಸಾಧಾರಣೀಕರಣ. ರಂಗದ ಮೇಲಿನ ದುಃಖ ರಾಮನದೂ ಅಲ್ಲದೆ, ನಟನದೂ ಅಲ್ಲದೆ, ನೋಡುವವನ ಖಾಸಗಿ ದುಃಖವೂ ಆಗದೆ, ಎಲ್ಲರಿಗೂ ಸೇರಿದ ದುಃಖವಾಗಿ ನಿಲ್ಲುವುದು. ಅಸಾನೊ ಗೆರೆಯನ್ನು ಕಂಡಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ. ಒಂದು ವ್ಯತ್ಯಾಸವಿದೆ. ಸಾಧಾರಣೀಕರಣ ದುಃಖದ ಮುಳ್ಳನ್ನು ತೆಗೆದು ಅದನ್ನು ಸವಿಯಬಹುದಾದ ರಸವಾಗಿಸುತ್ತದೆ. ಪುನ್‌ಪುನ್ ಎಲ್ಲರಿಗೂ ಹೊಂದುವ ಮುಖವಾಡವನ್ನು ತೊಡಿಸಿ, ಒಳಗೆ ಹೋದ ಮೇಲೆ ಮುಳ್ಳನ್ನು ಹಾಗೇ ಇಡುತ್ತದೆ. ಮೂರನೆಯ ಸಂಪುಟ ಮುಗಿಸಿ ನಾನು ಎರಡು ತಿಂಗಳು ಅದನ್ನು ಮುಟ್ಟಲಿಲ್ಲ. ಆಗ ಸೋತೆನೆಂದು ಭಾವಿಸಿದ್ದೆ. ಈಗ ಅದನ್ನು ಓದಿನ ಭಾಗವೆಂದೇ ಎಣಿಸುತ್ತೇನೆ.

ಮೂರನೆಯದು ಕಾಯುವಿಕೆ. ಕಂತಿನಲ್ಲಿ ಓದುವವನು ಒಂದು ವಾರ ಆ ದೃಶ್ಯದೊಂದಿಗೆ ಬಾಳಬೇಕು. ತಕೊಪಿಯ ಮೊದಲ ಕಂತಿನಲ್ಲೇ ಇದು ಶುರುವಾಯಿತು. ಶಿಜುಕಾ ಮತ್ತು ಮರಿನಾ ರಾಜಿಯಾಗಲೆಂದು ತಕೊಪಿ ತನ್ನ ಗ್ರಹದ ‘ರಾಜಿ ರಿಬ್ಬನ್’ ಅನ್ನು ಶಿಜುಕಾಳ ಕೈಗೆ ಕೊಡುತ್ತದೆ. ಸಾಧನಗಳನ್ನು ಬೇರೆ ಗ್ರಹದವರ ಕೈಗೆ ಒಪ್ಪಿಸಿ ಬಿಡಬಾರದು ಎಂಬುದು ಅದರ ಗ್ರಹದ ನಿಯಮ. ಅಂದು ಚಪ್ಪಿ ಕಾಣೆಯಾಗಿದೆ, ಹುಡುಗಿಗೆ ಇನ್ನೇನೂ ಉಳಿದಿಲ್ಲ. ತಕೊಪಿ ಮರಳಿ ಬಂದಾಗ ಅವಳು ಬದುಕಿಲ್ಲ. ಆ ರಿಬ್ಬನ್ನೇ ಅವಳ ಸಾವಿನ ದಾರಿಯಾಗಿದೆ. ಡೋರೆಮಾನ್ ನೋಡಿ ಬೆಳೆದ ಯಾವ ಮಗುವಿಗೂ ಈ ಏರ್ಪಾಡು ಪರಿಚಿತ: ನೊಂದ ಮಗು, ದೂರದಿಂದ ಬಂದ ದುಂಡಗಿನ ಗೆಳೆಯ, ಒಂದೊಂದು ಸಮಸ್ಯೆಗೆ ಒಂದೊಂದು ಸಾಧನ. ಅದೇ ಏರ್ಪಾಡಿನಲ್ಲಿ ಸಾಧನಕ್ಕೆ ನಿಲುಕದ ನೋವನ್ನು ಇಟ್ಟಾಗ ಬಾಲ್ಯದ ನಂಬಿಕೆಯೇ ಅಲುಗುತ್ತದೆ. ಏನಾಯಿತೆಂದು ತಕೊಪಿಗೆ ಅರ್ಥವೇ ಆಗುವುದಿಲ್ಲ. ಅದರ ಗ್ರಹದಲ್ಲಿ ದುಃಖ ಎಂಬುದೇ ಇಲ್ಲ. ಫೋಟೋ ತೆಗೆದ ಗಳಿಗೆಗೆ ಹಿಂದಿರುಗಿಸುವ ಕ್ಯಾಮೆರಾದಿಂದ ಅದು ಕಾಲದಲ್ಲಿ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಯತ್ನಿಸುತ್ತದೆ. ಕೊನೆಗೆ ಮರಿನಾಳಿಗೆ ಬಡಿದದ್ದೂ ಅದೇ ಕ್ಯಾಮೆರಾ. ಆ ಏಟಿಗೆ ಅದು ಕೆಟ್ಟು, ಹಿಂದಕ್ಕೆ ಹೋಗುವ ದಾರಿ ಮುಚ್ಚುತ್ತದೆ.

ವಾರಗಳು ಉರುಳಿದಂತೆ ಓದುಗರ ಸಿಟ್ಟು ಮನೆ ಬದಲಿಸಿತು. ಮೊದಲು ಎಲ್ಲರೂ ಮರಿನಾಳನ್ನು ಶಪಿಸಿದರು. ನಾಯಿಯನ್ನು ದೂರಮಾಡಿಸಿದವಳು, ಹೊಡೆದವಳು, ಅವಳಿಗೆ ಏನಾದರೂ ಆಗಲಿ ಎಂದರು. ಆಮೇಲೆ ಕಥೆ ಮರಿನಾಳ ಮನೆಯ ಬಾಗಿಲು ತೆರೆಯಿತು. ಅವಳ ಅಪ್ಪ ಶಿಜುಕಾಳ ಅಮ್ಮನ ಹಿಂದೆ ಬಿದ್ದು ಮನೆ ಒಡೆದಿದ್ದಾನೆ, ಅವಳ ಅಮ್ಮ ಆ ಸಂಕಟವನ್ನೆಲ್ಲ ಮಗಳ ಮೇಲೆ ಹೊಡೆತವಾಗಿ ಇಳಿಸುತ್ತಿದ್ದಾಳೆ. ಶಾಪ ಹಾಕಿದ ನಾಲಗೆ ಒಣಗಿತು. ಅಜುಮಾ ಎಂಬ ತರಗತಿಯ ಜಾಣ ಹುಡುಗನ ಸರದಿ ಬಂದಾಗ ಅಲ್ಲಿಯೂ ಇದೇ: ಸದಾ ಅಣ್ಣನಿಗೆ ಹೋಲಿಸುವ ತಾಯಿ, ಅಂಕ ಕಡಿಮೆಯಾದಾಗ ಬೀಳುವ ಮೌನ. ಒಂದೇ ಸಲಕ್ಕೆ ಕೂತು ಪುಸ್ತಕ ಓದಿದವನಿಗೆ ಈ ತಿರುವು ಅರ್ಧ ಗಂಟೆಯೊಳಗೆ ಬರುತ್ತದೆ. ವಾರ ಕಾದವನು ಮಾತ್ರ ತನ್ನ ಶಾಪವನ್ನು ಬಹಿರಂಗವಾಗಿ ಆಡಿ, ಅದನ್ನು ಏಳು ದಿನ ಹೊತ್ತು, ನಂತರ ನುಂಗಬೇಕಾಯಿತು. ಆ ಕಥೆಯ ಆಳವಾದ ಅನುಭವ ಇದೇ ಎಂದು ನಾನು ನಂಬುತ್ತೇನೆ. ಒಬ್ಬ ಮಗುವಿನ ಬಗ್ಗೆ ತೀರ್ಪು ಕೊಡುವಾಗ ನಮಗೆ ಎಷ್ಟು ಕಡಿಮೆ ತಿಳಿದಿರುತ್ತದೆ ಎಂಬುದನ್ನು ಉಪದೇಶವಿಲ್ಲದೆ, ನಮ್ಮ ಮಾತಿನಿಂದಲೇ ಅದು ತೋರಿಸಿತು.

ಕೊನೆಯ ಕಂತು ಬಂದಾಗ ಓದುಗರು ಎರಡಾದರು. ತಕೊಪಿ ತನ್ನನ್ನೇ ತೆತ್ತು ಕಾಲವನ್ನು ಹಿಂದಕ್ಕೆ ತಿರುಗಿಸುತ್ತದೆ. ಏನೂ ಮಾಡಲಾಗಲಿಲ್ಲ ಎಂದು ಕ್ಷಮೆ ಕೇಳುತ್ತದೆ. ತಾನು ಸಾಧನ ಕೊಡುವುದರಲ್ಲೇ ಕಳೆದೆ, ಕೂತು ಮಾತನಾಡಬೇಕಿತ್ತು ಎಂಬುದು ಅದಕ್ಕೆ ಕೊನೆಗೆ ಹೊಳೆದ ಸತ್ಯ. ಹೊಸ ಕಾಲದಲ್ಲಿ ನೋಟ್‌ಬುಕ್ಕಿನಲ್ಲಿ ಉಳಿದ ತಕೊಪಿಯ ಗೀಚುಚಿತ್ರವೊಂದನ್ನು ಕಂಡು, ಯಾಕೆಂದು ತಿಳಿಯದೆ ಶಿಜುಕಾ ಮತ್ತು ಮರಿನಾ ಇಬ್ಬರೂ ಅಳುತ್ತಾರೆ. ಬೆಳೆದು ಗೆಳತಿಯರಾಗುತ್ತಾರೆ. ಇದೇ ಸುಕುಯಿ, ಹಗ್ಗ ಸಿಕ್ಕಿತು ಎಂದು ಹಲವರು ಅತ್ತರು. ಹೊಡೆಯುವ ತಾಯಿ ಹಾಗೇ ಇದ್ದಾಳೆ, ಬಿಟ್ಟುಹೋದ ಅಪ್ಪ ಹಾಗೇ ಇದ್ದಾನೆ, ದೊಡ್ಡವರು ಯಾರೂ ಬೆಲೆ ತೆರಲಿಲ್ಲ, ಮಕ್ಕಳಿಬ್ಬರು ಅತ್ತು ಒಂದಾದರೆ ಸಾಕೇ ಎಂದು ಉಳಿದವರು ಕೇಳಿದರು. ನನಗೆ ಎರಡನೆಯವರ ಕಡೆ ಒಲವು ಹೆಚ್ಚು. ಆದರೂ ಆ ಗೀಚುಚಿತ್ರದ ಪುಟವನ್ನು ನಾನು ಇಂದಿಗೂ ಒಣಗಣ್ಣಿನಿಂದ ದಾಟಿಲ್ಲ.

ಈಗ ಅಪ್ಪ ಅಮ್ಮಂದಿರ ಪ್ರಶ್ನೆಗೆ ಬರೋಣ. ಮೆಣಸಿನಕಾಯಿ ಬಜ್ಜಿ ತಿನ್ನುವವನನ್ನು ನೋಡಿ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕೈ ಮಾತ್ರ ಇನ್ನೊಂದರ ಕಡೆಗೆ. ಖಾರ ತಿನ್ನುವುದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 2013ರ ಪ್ರಬಂಧವೊಂದರಲ್ಲಿ ದುಃಖದ ಕಥೆಯನ್ನೂ ಇದೇ ಸಾಲಿಗೆ ಸೇರಿಸಿದರು. ದೇಹ ಅಪಾಯವೆಂದು ಕೂಗುತ್ತದೆ, ಮನಸ್ಸಿಗೆ ಅಪಾಯವಿಲ್ಲವೆಂದು ಗೊತ್ತಿದೆ. ಈ ಎರಡರ ನಡುವಿನ ಅಂತರದಲ್ಲಿ ಒಂದು ಸುಖ ಹುಟ್ಟುತ್ತದೆ. ಬಾಯಲ್ಲಿ ಹುಣ್ಣಾದವನಿಗೆ ಅದೇ ಬಜ್ಜಿಯಲ್ಲಿ ಸುಖವಿಲ್ಲ. ಅವನಿಗೆ ಅದು ಬರೀ ಉರಿ.

ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ರಸಾನುಭವಕ್ಕೆ ಏಳು ವಿಘ್ನಗಳನ್ನು ಪಟ್ಟಿ ಮಾಡಿದಾಗ ಈ ಹುಣ್ಣನ್ನೂ ಹೆಸರಿಸಿದ್ದ: ‘ನಿಜಸುಖಾದಿವಿವಶೀಭಾವ’. ನೋಡುವವನು ತನ್ನ ಸ್ವಂತ ಸುಖದುಃಖಗಳ ಹಿಡಿತಕ್ಕೆ ಸಿಕ್ಕಿದ್ದರೆ ರಂಗದ ಮೇಲಿನ ದುಃಖ ಅವನಿಗೆ ರಸವಾಗುವುದಿಲ್ಲ. ಹೊಡೆತದ ಮನೆಯಲ್ಲಿ ಬೆಳೆದವಳಿಗೆ ಮರಿನಾಳ ಮನೆ ಕಥೆಯಾಗಿ ಕಾಣುವುದಿಲ್ಲ, ನೆನಪಾಗಿ ಕಾಣುತ್ತದೆ. ಒಂದೇ ಪುಟದ ಮುಂದೆ ಒಬ್ಬರು ಅತ್ತು ಹಗುರಾಗಿ ಏಳುವುದು, ಇನ್ನೊಬ್ಬರು ಉಸಿರುಗಟ್ಟಿ ಏಳುವುದು ಇದರಿಂದ. ಮೊದಲನೆಯವರ ಎದೆ ಗಟ್ಟಿ, ಎರಡನೆಯವರದು ದುರ್ಬಲ ಎಂಬ ಲೆಕ್ಕ ತಪ್ಪು.

ಇದಕ್ಕೊಂದು ತಿರುವೂ ಇದೆ. ನೊಂದವರಲ್ಲೇ ಕೆಲವರು ಇಂಥ ಕಥೆಗಳನ್ನು ಹುಡುಕಿಕೊಂಡು ಹೋಗುತ್ತಾರೆ. ತಮಗಾದದ್ದನ್ನು ಮತ್ತೊಬ್ಬರು ಚಿತ್ರ ಬರೆದು ತೋರಿಸಿದ್ದಾರೆ ಎಂಬುದೇ ಅವರಿಗೆ ಆಸರೆ. ‘ಬೆರ್ಸೆರ್ಕ್’ ಎಂಬ ಕಡುಗತ್ತಲೆಯ ಕಥೆಯನ್ನು ಮೂರು ದಶಕ ಬರೆದ ಕೆಂತಾರೊ ಮಿಉರಾ 2021ರ ಮೇ 6ರಂದು 54ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿ ಹೊರಬಿದ್ದಾಗ ಆನ್‌ಲೈನ್ ಆಟವೊಂದರಲ್ಲಿ ಆಟಗಾರರು ಕಪ್ಪು ಕವಚ, ದೊಡ್ಡ ಖಡ್ಗದ ಯೋಧರ ವೇಷದಲ್ಲಿ ಸಾಲುಗಟ್ಟಿ ಮೌನವಾಗಿ ನಿಂತರು. ಅಷ್ಟು ರಕ್ತ, ಅಷ್ಟು ದ್ರೋಹದ ಕಥೆಗೆ ಅವರು ಸಲ್ಲಿಸಿದ್ದು ಕೃತಜ್ಞತೆ.

ಯೊಶಿತೊಕಿ ಓಯಿಮಾ ಅವರ ‘ಕೊಎ ನೋ ಕತಾಚಿ’ಯನ್ನು ಓದಿದ ಇಬ್ಬರು ಗೆಳತಿಯರು ನನ್ನೆದುರು ವಾದಿಸಿದ್ದು ನೆನಪಿದೆ. ಕಿವಿ ಕೇಳದ ಶೋಕೊ ಎಂಬ ಹುಡುಗಿಯನ್ನು ಆರನೆಯ ತರಗತಿಯಲ್ಲಿ ಗೋಳುಹೊಯ್ದುಕೊಂಡ ಶೋಯಾ, ಅವಳ ಶ್ರವಣಯಂತ್ರಗಳನ್ನು ಕಿತ್ತು ಹಾಳುಮಾಡಿದವನು, ವರ್ಷಗಳ ನಂತರ ಕೈಸನ್ನೆಯ ಭಾಷೆ ಕಲಿತು ಅವಳನ್ನು ಹುಡುಕಿಕೊಂಡು ಬರುತ್ತಾನೆ. ಮೊದಲ ಗೆಳತಿಗೆ ಅದು ಪಶ್ಚಾತ್ತಾಪದ ಅತಿ ಪ್ರಾಮಾಣಿಕ ಚಿತ್ರ. ಎರಡನೆಯವಳು ಶಾಲೆಯಲ್ಲಿ ಅಂಥದ್ದನ್ನೇ ಅನುಭವಿಸಿದವಳು. ಅವನಿಗೆ ಮನಶ್ಶಾಂತಿ ಸಿಗಲೆಂದು ಅವಳೇಕೆ ಕ್ಷಮಿಸಬೇಕು ಎಂದು ಅವಳು ಕೇಳಿದಳು. ನಾನು ಆ ಕಥೆಯನ್ನು ಬಹಳ ಮೆಚ್ಚುತ್ತೇನೆ, ಆದರೂ ಅಂದು ಅವಳಿಗೆ ಹೇಳಲು ನನ್ನ ಬಳಿ ಉತ್ತರವಿರಲಿಲ್ಲ. ಈ ವಸ್ತು ಎಷ್ಟು ಸೂಕ್ಷ್ಮವೆಂದು ಪ್ರಕಾಶಕರಿಗೂ ಗೊತ್ತಿತ್ತು. ಪ್ರಶಸ್ತಿ ಪಡೆದ ಮೊದಲ ರೂಪ ವರ್ಷಗಟ್ಟಲೆ ಅಚ್ಚಾಗದೆ ಉಳಿದು, ಜಪಾನಿನ ಕಿವುಡರ ಒಕ್ಕೂಟದೊಂದಿಗೆ ಮಾತುಕತೆ ನಡೆದ ಮೇಲೆ 2011ರಲ್ಲಿ ಬೆಳಕು ಕಂಡಿತು.

ಓದಿದ ಮೇಲೆ ಮಂಕು ಇಳಿಯದಿದ್ದರೆ, ಬದುಕು ಬೇಡವೆನಿಸಿದರೆ, ಯಾರೊಂದಿಗಾದರೂ ಮಾತನಾಡಬೇಕು. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅದರ ಮುಖ್ಯ ಮಾರ್ಗದರ್ಶಿ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಮನೆಯ ಮಕ್ಕಳು ಇಂಥದ್ದನ್ನು ಓದುತ್ತಿದ್ದರೆ ಪುಸ್ತಕ ಕಿತ್ತುಕೊಳ್ಳುವ ಮೊದಲು ಯಾವ ಪುಟ ಇಷ್ಟವಾಯಿತು, ಯಾವುದು ನೋಯಿಸಿತು ಎಂದು ಕೇಳಿ ನೋಡಿ. ಮಗು ತನ್ನ ಬಗ್ಗೆ ನೇರವಾಗಿ ಹೇಳಲಾರದ ಎಷ್ಟೋ ವಿಷಯ ಆ ಉತ್ತರದಲ್ಲಿ ಇರುತ್ತದೆ.

ಓದುಗರ ನೋವು ಬರಹಗಾರನ ಮೇಜಿನವರೆಗೂ ಹೋಗಿ ಅಕ್ಷರ ತಿದ್ದಿಸಿದ ಪ್ರಸಂಗವೂ ಇದೆ. 2019ರ ಜುಲೈ 18ರಂದು ಒಬ್ಬ ವ್ಯಕ್ತಿ ಕ್ಯೋಟೊ ಅನಿಮೇಷನ್ ಸಂಸ್ಥೆಯ ಸ್ಟುಡಿಯೋಗೆ ಬೆಂಕಿ ಹಚ್ಚಿದ. 36 ಜನ ಸತ್ತರು. ‘ಕೊಎ ನೋ ಕತಾಚಿ’ಯನ್ನು ಸಿನಿಮಾ ಮಾಡಿದ್ದೂ ಅದೇ ಸಂಸ್ಥೆ. ಎರಡು ವರ್ಷ ಒಂದು ದಿನ ಕಳೆದು, 2021ರ ಜುಲೈ 19ರಂದು, ತತ್ಸುಕಿ ಫುಜಿಮೊತೊ ಅವರ ‘ಲುಕ್ ಬ್ಯಾಕ್’ ಶೋನೆನ್ ಜಂಪ್ ಪ್ಲಸ್‌ನಲ್ಲಿ ಪ್ರಕಟವಾಯಿತು. 143 ಪುಟಗಳ ಬಿಡಿ ಕಥೆ. ಫುಜಿನೊ, ಕ್ಯೋಮೊತೊ ಎಂಬ ಇಬ್ಬರು ಹುಡುಗಿಯರು ಒಟ್ಟಿಗೆ ಚಿತ್ರ ಬರೆಯುತ್ತ ಬೆಳೆಯುತ್ತಾರೆ. ಬಹುಪಾಲು ಪುಟಗಳಲ್ಲಿ ಮಾತಿಲ್ಲ, ಮೇಜಿನ ಮುಂದೆ ಕುಳಿತ ಬೆನ್ನು ಮಾತ್ರ. ಕಿಟಕಿಯಾಚೆ ಋತು ಬದಲಾಗುತ್ತದೆ, ಬೆನ್ನು ಅಲ್ಲೇ ಇರುತ್ತದೆ. ಮುಂದೆ ಕ್ಯೋಮೊತೊ ಕಲಾವಿಶ್ವವಿದ್ಯಾಲಯಕ್ಕೆ ಸೇರುತ್ತಾಳೆ, ಅಲ್ಲಿಗೆ ನುಗ್ಗಿದ ಒಬ್ಬನ ಕೈಯಲ್ಲಿ ಸಾಯುತ್ತಾಳೆ. ಆ ದಿನಾಂಕದಲ್ಲಿ ಅದನ್ನು ಓದಿದ ಯಾರಿಗೂ ಇದು ಯಾವ ಗಾಯ ಎಂದು ಹೇಳಬೇಕಾಗಿರಲಿಲ್ಲ.

ಹೊಗಳಿಕೆಯ ಮಳೆಯ ನಡುವೆ ಇನ್ನೊಂದು ದನಿ ಎದ್ದಿತು. ಮೊದಲ ರೂಪದಲ್ಲಿ ಕೊಲೆಗಾರನಿಗೆ ವಿಶ್ವವಿದ್ಯಾಲಯದ ಚಿತ್ರಗಳಿಂದ ತನ್ನನ್ನು ಬೈಯುವ ಧ್ವನಿ ಕೇಳಿಸುತ್ತಿತ್ತು. ಇಲ್ಲದ ಧ್ವನಿ ಕೇಳಿಸುವುದು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಪರಿಚಿತ ಲಕ್ಷಣ. ಈ ಕಾಯಿಲೆಯೊಂದಿಗೆ ಬದುಕುವವರು ಕೊಲೆಗಾರರಾಗುತ್ತಾರೆ ಎಂಬ ಪೂರ್ವಗ್ರಹವನ್ನು ಇಷ್ಟು ಪ್ರಭಾವಿ ಕಥೆ ಬಲಪಡಿಸುತ್ತದೆ ಎಂದು ಮನೋವೈದ್ಯ ತಮಾಕಿ ಸೈತೊ ಸೇರಿದಂತೆ ಹಲವರು ಹೇಳಿದರು. ಕಥೆಯನ್ನು ಮೆಚ್ಚಿಕೊಂಡೇ ಹೇಳಿದವರೂ ಅವರಲ್ಲಿದ್ದರು. ಆಗಸ್ಟ್ 2ರಂದು ಸಂಪಾದಕರು ಆ ಮಾತುಗಳನ್ನು ತಿದ್ದಿದರು. ಯಾರಾದರೂ ಆಗಬಹುದಿತ್ತು ಎಂಬರ್ಥದ ಮಾತು ಕೊಲೆಗಾರನ ಬಾಯಿಗೆ ಬಂತು. ಆಗ ಎದ್ದದ್ದು ಎದುರು ಅಲೆ. ಓದಿ ಎದೆಗಿಳಿಸಿಕೊಂಡ ಕಥೆಯನ್ನು ಬದಲಿಸುವುದು ಕಲೆಗೆ ದ್ರೋಹ ಎಂದು ಅನೇಕರು ಕುದಿದರು. ಸೆಪ್ಟೆಂಬರ್‌ನಲ್ಲಿ ಪುಸ್ತಕ ಬಂದಾಗ ಮಾತು ಮತ್ತೊಮ್ಮೆ ಬದಲಾಗಿತ್ತು. ತನ್ನ ಚಿತ್ರವನ್ನು ಕದ್ದರು ಎಂಬ ಆರೋಪ ಅವನದಾಯಿತು, ಬೈಯುವ ಧ್ವನಿ ಇರಲಿಲ್ಲ.

ಮೂರು ತಿಂಗಳೊಳಗೆ ಒಂದೇ ಪುಟಕ್ಕೆ ಮೂರು ರೂಪ. ತಿದ್ದಿದ್ದು ಸರಿ ಎಂಬುದು ನನ್ನ ನಿಲುವು. ಕಥೆಯ ಹೃದಯ ಫುಜಿನೊಳ ಬೆನ್ನಿನಲ್ಲಿದೆ, ಅದು ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಕಳೆದುಹೋದದ್ದು ಕೆಲವು ಸಾಲು. ಉಳಿದದ್ದು, ದಿನವೂ ಮಾತ್ರೆ ನುಂಗಿ ಸದ್ದಿಲ್ಲದೆ ಬದುಕುವ ಒಬ್ಬ ಓದುಗ ಆ ಪುಟದಲ್ಲಿ ತನ್ನನ್ನು ಕೊಲೆಗಾರನಾಗಿ ಕಾಣದೆ ಕ್ಯೋಮೊತೊಗಾಗಿ ಅಳುವ ಹಕ್ಕು.

ಇವೆಲ್ಲಕ್ಕಿಂತ ಹಳೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಭಾರವಾದದ್ದು, ಕೇಜಿ ನಕಜಾವಾ ಅವರ ‘ಹದಾಶಿ ನೋ ಗೆನ್’, ಬರಿಗಾಲಿನ ಗೆನ್. 1973ರಲ್ಲಿ ಮಕ್ಕಳು ಓದುವ ವಾರಪತ್ರಿಕೆಯಲ್ಲೇ ಶುರುವಾಗಿ ಮುಂದೆ ಹತ್ತು ಸಂಪುಟಗಳಿಗೆ ಬೆಳೆದ ಕಥೆ. 1945ರ ಆಗಸ್ಟ್ 6ರ ಬೆಳಿಗ್ಗೆ ಆರು ವರ್ಷದ ನಕಜಾವಾ ಹಿರೋಶಿಮಾದಲ್ಲಿ ತನ್ನ ಶಾಲೆಯ ಗೋಡೆಯ ಬಳಿ ನಿಂತಿದ್ದರು. ಗೋಡೆ ಕಾಪಾಡಿತು. ಮನೆಯಲ್ಲಿ ಅಪ್ಪ, ಅಕ್ಕ, ತಮ್ಮ ಕುಸಿದ ಮನೆಯಡಿ ಸಿಕ್ಕಿ ಸತ್ತರು. ಅಮ್ಮ ಅದೇ ದಿನ ಬೀದಿಯಲ್ಲಿ ಹೆಣ್ಣುಮಗುವನ್ನು ಹೆತ್ತರು, ಆ ಮಗು ಕೆಲವೇ ತಿಂಗಳಲ್ಲಿ ಹೋಯಿತು. ಕಥೆಯ ಗೆನ್ ಎದುರು ನಡೆಯುವುದೂ ಇದೇ. ಚರ್ಮ ಜೋತುಬಿದ್ದ ತೋಳುಗಳನ್ನು ಮುಂದೆ ಚಾಚಿ ನಡೆಯುವ ಜನರನ್ನು ನಕಜಾವಾ ಮಕ್ಕಳ ಪತ್ರಿಕೆಯ ದುಂಡು ಗೆರೆಯಲ್ಲೇ ಬರೆದರು.

ಶಾಲಾ ಗ್ರಂಥಾಲಯಗಳಲ್ಲಿ ಮಂಗಾ ಅಪರೂಪವಾಗಿದ್ದ ಕಾಲದಲ್ಲಿ ಗೆನ್‌ಗೆ ಅಲ್ಲಿ ಜಾಗ ಸಿಕ್ಕಿತು. ಹಲವು ತಲೆಮಾರಿನ ಜಪಾನೀ ಮಕ್ಕಳು ಅದನ್ನು ಹೆದರುತ್ತಲೇ ಓದಿದರು. ಹೆದರಿಕೆ ಇಲ್ಲಿ ಸರಿಯಾದ ಪ್ರತಿಕ್ರಿಯೆ, ಏಕೆಂದರೆ ಪುಟದಲ್ಲಿರುವುದು ನಡೆದದ್ದು. ದೊಡ್ಡವರ ಹೆದರಿಕೆ ಬೇರೆ ಬಗೆಯದು. 2012ರ ಡಿಸೆಂಬರ್‌ನಲ್ಲಿ ಮತ್ಸುಎ ನಗರದ ಶಿಕ್ಷಣ ಮಂಡಳಿ ಈ ಪುಸ್ತಕಗಳನ್ನು ತೆರೆದ ಕಪಾಟಿನಿಂದ ತೆಗೆದು ಒಳಗಿಡಲು ಶಾಲೆಗಳಿಗೆ ಹೇಳಿತು. ಜಪಾನೀ ಸೈನಿಕರ ಕ್ರೌರ್ಯವನ್ನು ತೋರಿಸುವ ಪುಟಗಳು ಮಕ್ಕಳಿಗೆ ವಿಪರೀತ ಎಂಬುದು ಕಾರಣ. ನಕಜಾವಾ ತೀರಿಕೊಂಡದ್ದೂ ಅದೇ ತಿಂಗಳು. ಮುಂದಿನ ಆಗಸ್ಟ್‌ನಲ್ಲಿ ಸುದ್ದಿ ಹೊರಬಂದು ದೇಶವೆಲ್ಲ ದನಿ ಎತ್ತಿತು. 26ರಂದು ನಿರ್ಬಂಧ ತೆಗೆದರು. 2023ರಲ್ಲಿ ಹಿರೋಶಿಮಾ ನಗರವೇ ತನ್ನ ಶಾಂತಿಶಿಕ್ಷಣದ ಪಠ್ಯದಿಂದ ಗೆನ್‌ನ ಭಾಗವನ್ನು ಕೈಬಿಟ್ಟಿತು. ಬಸುರಿ ತಾಯಿಗೆಂದು ಗೆನ್ ಮೀನು ಕದಿಯುವ ದೃಶ್ಯ ಇಂದಿನ ಮಕ್ಕಳಲ್ಲಿ ತಪ್ಪು ತಿಳಿವಳಿಕೆ ಮೂಡಿಸಬಹುದು ಎಂಬುದು ಮುಂದಿಟ್ಟ ಕಾರಣಗಳಲ್ಲಿ ಒಂದು. ಹಸಿದ ಮಗು ತಾಯಿಗಾಗಿ ಮೀನು ಕದ್ದದ್ದು ಯಾವ ಮಗುವಿಗೆ ಅರ್ಥವಾಗುವುದಿಲ್ಲ ಎಂದು ನಾನು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ.

ಮುಖ ತಿರುಗಿಸಿಕೊಂಡವರನ್ನು ನಕಜಾವಾ ಚೆನ್ನಾಗಿ ಬಲ್ಲವರಾಗಿದ್ದರು. ಟೋಕಿಯೋಗೆ ಬಂದ ಮೇಲೆ ಅವರೇ ವರ್ಷಗಟ್ಟಲೆ ತಾನು ಹಿರೋಶಿಮಾದವನೆಂದು ಮುಚ್ಚಿಟ್ಟರು. ಬಾಂಬಿನಿಂದ ಬದುಕುಳಿದವರನ್ನು ಜನ ದೂರವಿಡುತ್ತಿದ್ದ ಕಾಲ ಅದು. ಆ ಬಾಂಬಿನ ಹೆಸರು ಕಂಡರೇ ಅವರಿಗೆ ಸಂಕಟವಾಗುತ್ತಿತ್ತು. 1966ರಲ್ಲಿ ಅಮ್ಮ ತೀರಿಕೊಂಡರು. ದಹನದ ನಂತರ ಮನೆಯವರು ಚಿತಾಭಸ್ಮದಿಂದ ಮೂಳೆಗಳನ್ನು ಹೆಕ್ಕಿ ಇಡುವುದು ಅಲ್ಲಿನ ಸಂಪ್ರದಾಯ. ನಕಜಾವಾ ಹುಡುಕಿದರು. ಮೂಳೆ ಎನ್ನುವಂಥದ್ದು ಉಳಿದಿರಲಿಲ್ಲ, ಬಿಳಿಯ ಚೂರುಗಳಷ್ಟೇ ಇದ್ದವು. ಅಣುವಿಕಿರಣ ಅಮ್ಮನ ಮೂಳೆಗಳನ್ನೂ ಬಿಡಲಿಲ್ಲ ಎಂಬ ಕಡುಕೋಪದಲ್ಲಿ ಅವರು ಟೋಕಿಯೋಗೆ ಹಿಂದಿರುಗುವ ರೈಲು ಹತ್ತಿದರು. ಅಲ್ಲಿಯವರೆಗೆ ಮಕ್ಕಳನ್ನು ರಂಜಿಸುವ ಕಥೆಗಳನ್ನು ಬರೆಯುತ್ತಿದ್ದ ಅವರು, ಟೋಕಿಯೋ ಸೇರಿದ ಮೇಲೆ ಹಿರೋಶಿಮಾದ ಬಗ್ಗೆ ತಮ್ಮ ಮೊದಲ ಕಥೆಯನ್ನು ಬರೆಯಲು ಕುಳಿತರು.